ಬೆನ್ನ ಮೇಲಿನ ಚೀಲ



ಏಳು ದಿನ ಬೆಟ್ಟದ ದಾರಿಯಲ್ಲಿ ನಡೆಯಬೇಕು. ಊಟ, ಹಾಸಿಗೆ, ಗುಡಾರ ಎಲ್ಲವನ್ನೂ ಬೆನ್ನ ಮೇಲೆಯೇ ಹೊರಬೇಕು ಎಂದರೆ ನಿಮ್ಮ ಚೀಲಕ್ಕೆ ಏನೇನು ತುಂಬುತ್ತೀರಿ? ಒಮ್ಮೆ ಮನಸ್ಸಿನಲ್ಲೇ ತುಂಬಿ ನೋಡಿ. ನನ್ನನ್ನು ಕೇಳಿದರೆ ನಾಚಿಕೆಯಾಗುತ್ತದೆ. ಗುರುದೀಕ್ಷೆಯಾದ ಹೊಸದರಲ್ಲಿ ಒಂದು ಟ್ರಂಕು ಹಿಡಿದು ಬಸ್ಸು ಹತ್ತಿದವನು ನಾನು. ಕಳೆದ ವರ್ಗಾವಣೆಗೆ ಟೆಂಪೊ ಬೇಕಾಯಿತು.

ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಅಮೆರಿಕದ ಅಟ್ಲಾಂಟಾದಲ್ಲಿ ಕೆಲಸದಲ್ಲಿದ್ದಾನೆ. 2023ರ ಏಪ್ರಿಲ್‌ನಲ್ಲಿ, ಪಾಸ್ಖ ಹಬ್ಬದ ಮರುದಿನ, ಅವನು ಅಪಲೇಚಿಯನ್ ಟ್ರೇಲ್ ಎಂಬ ಕಾಲುದಾರಿಯಲ್ಲಿ ಒಂದು ವಾರ ನಡೆಯಲು ಹೊರಟ. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇಯ್ನ್ ರಾಜ್ಯದ ಕಟಾಡಿನ್ ಶಿಖರದವರೆಗೆ 14 ರಾಜ್ಯಗಳನ್ನು ಹಾಯುವ, ಸುಮಾರು 3,500 ಕಿಲೋಮೀಟರ್ ಉದ್ದದ ದಾರಿ ಅದು. 1921ರಲ್ಲಿ ಬೆಂಟನ್ ಮೆಕೈ ಎಂಬವರು ಇದರ ಯೋಜನೆಯನ್ನು ಮುಂದಿಟ್ಟರು. 1937ರಲ್ಲಿ ದಾರಿ ಪೂರ್ಣವಾಯಿತು. ಮರಗಳ ಮೇಲೆ ಬಳಿದ ಎರಡಿಂಚು ಅಗಲ, ಆರಿಂಚು ಎತ್ತರದ ಬಿಳಿ ಪಟ್ಟಿಯೇ ದಾರಿಯ ಗುರುತು. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ಮುಂದೆ ತಿರುವಿದೆ, ನೋಡಿ ನಡೆ ಎಂದರ್ಥ. ಎರಡನೇ ಮಹಾಯುದ್ಧದಿಂದ ಮರಳಿದ ಅರ್ಲ್ ಶಾಫರ್ ಎಂಬ ಸೈನಿಕ 1948ರಲ್ಲಿ ಈ ದಾರಿಯನ್ನು ಒಂದೇ ಬಾರಿಗೆ ಕೊನೆಯವರೆಗೂ ನಡೆದ. ಯುದ್ಧವನ್ನು ಮೈಮನಸ್ಸಿನಿಂದ ಇಳಿಸಿಕೊಳ್ಳುವುದು ಅವನಿಗೆ ಬೇಕಾಗಿತ್ತು.

ಚೀಲದ ತೂಕ ಮೈತೂಕದ ಐದರಲ್ಲಿ ಒಂದು ಪಾಲನ್ನು ಮೀರಬಾರದೆಂಬುದು ಇಂಥ ದಾರಿ ನಡೆಯುವವರ ಲೆಕ್ಕ. ನಮ್ಮ ಹುಡುಗ 70 ಕಿಲೋ; ಅವನ ಚೀಲ 22 ಕಿಲೋ! ಮೂರು ದಿನ ಏರಿಳಿತ, ಮಳೆ, ರಾತ್ರಿಯ ಚಳಿ, ಹೆಗಲ ಮೇಲೆ ಬೊಬ್ಬೆ. ನಾಲ್ಕನೆಯ ದಿನ 1,358 ಮೀಟರ್ ಎತ್ತರದ ಬ್ಲಡ್ ಮೌಂಟನ್ ದಾಟಿ, ಹೊರಟಲ್ಲಿಂದ 50 ಕಿಲೋಮೀಟರ್ ದೂರದ ನೀಲ್ ಗ್ಯಾಪ್ ಕಣಿವೆಗೆ ಇಳಿದ. ಅಲ್ಲೊಂದು ಹಳೆಯ ಕಲ್ಲುಕಟ್ಟಡವಿದೆ, ಕಾಲುದಾರಿ ಅದರ ನಡುವಿನಿಂದಲೇ ಹಾಯುತ್ತದೆ. ಅಲ್ಲಿನ ಅಂಗಡಿಯವರು, ಕೇಳಿಕೊಂಡವರ ಚೀಲವನ್ನು ಅವರಿಂದಲೇ ಬಿಚ್ಚಿಸಿ, ಒಂದೊಂದೇ ವಸ್ತುವನ್ನು ನೆಲದ ಮೇಲಿಡಿಸಿ, "ಇದು ಯಾಕೆ?" ಎಂದು ಕೇಳುತ್ತಾರೆ. ಬೇಡದ್ದು ಪೆಟ್ಟಿಗೆ ಸೇರಿ ಅಂಚೆಯಲ್ಲಿ ಮನೆಗೆ.

ಮೂರನೆಯ ಪ್ಯಾಂಟು ಯಾಕೆ? ಒಂದು ವೇಳೆ ಎರಡೂ ಒದ್ದೆಯಾದರೆ. ಎರಡನೆಯ ಟಾರ್ಚ್? ಒಂದು ವೇಳೆ ಮೊದಲನೆಯದು ಕೆಟ್ಟರೆ. ಹತ್ತು ದಿನದ ಆಹಾರ? ಒಂದು ವೇಳೆ ದಾರಿ ತಪ್ಪಿದರೆ. ಇಡೀ ಚೀಲದ ತುಂಬ ಒಂದು ವೇಳೆ! ಇರಲೇಬೇಕಾದದ್ದು ಯಾವುದು, ಇಲ್ಲದಿದ್ದರೂ ನಡೆಯುವುದು ಯಾವುದು ಎಂಬ ತತ್ವವನ್ನು ಸೆಮಿನರಿಯಲ್ಲಿ ನಾನು ಒಂದು ವರ್ಷ ಓದಿದೆ, ಪರೀಕ್ಷೆಯಲ್ಲಿ ಪಾಸೂ ಆದೆ. ನನ್ನ ಟೆಂಪೊ ನೋಡಿದರೆ ಏನೂ ಕಲಿತಂತಿಲ್ಲ. ಪ್ರಭು ಯೇಸು ತಮ್ಮ ಶಿಷ್ಯರನ್ನು ಕಳುಹಿಸುವಾಗ ಒಂದು ಕೋಲಿನ ಹೊರತು ಬೇರೇನೂ ಬೇಡವೆಂದರು ಎನ್ನುತ್ತಾರೆ ಸಂತ ಮಾರ್ಕರು. ಸಂತ ಮತ್ತಾಯರು ಮತ್ತು ಸಂತ ಲೂಕರು ಆ ಕೋಲನ್ನೂ ಬಿಡಿಸುತ್ತಾರೆ. ಬೆಟ್ಟ ಹತ್ತಿದವರು ಮಾರ್ಕರ ಪಕ್ಷವನ್ನೇ ಹಿಡಿದಾರು.

ಹುಡುಗನ ಚೀಲದ ತಳದಲ್ಲಿ ಒಂದು ಪ್ಲಾಸ್ಟಿಕ್ ಕವರಿತ್ತು. ಊರಿನ ಮನೆಯ ಪಾಲಿನ ಕಾಗದಗಳ ಜೆರಾಕ್ಸ್. (ಇದನ್ನು ಬರೆಯಲು ಅವನೇ ಒಪ್ಪಿದ್ದಾನೆ.) ತಾಯಿ ತೀರಿಕೊಂಡಾಗಿನಿಂದ, ಏಳು ವರ್ಷ, ಅಣ್ಣನೊಡನೆ ಮಾತಿಲ್ಲ. ಬೆಟ್ಟದ ಏಕಾಂತದಲ್ಲಿ ಎಲ್ಲವನ್ನೂ ಓದಿ ವಕೀಲರಿಗೆ ಖಾರವಾದ ಉತ್ತರ ಬರೆಯೋಣವೆಂದು ತಂದಿದ್ದನಂತೆ. ಅಂಗಡಿಯವರು ಅದನ್ನೂ ಕೇಳಿದರು, "ಇದು ಯಾಕೆ?" ಇವನಿಗೆ ಉತ್ತರ ಹೊಳೆಯಲಿಲ್ಲ. ಆದರೂ ಏನು ಮಾಡಿದ ಗೊತ್ತೇ? ಪ್ಯಾಂಟು, ಟಾರ್ಚ್, ಅರ್ಧ ಆಹಾರ ಪೆಟ್ಟಿಗೆಗೆ ಹಾಕಿದ, ಕವರನ್ನು ಮಾತ್ರ ಮತ್ತೆ ಚೀಲಕ್ಕೆ ತುರುಕಿದ.

ಆ ವಾರದ ಬುಧವಾರ ನಮ್ಮ ದೇವಾಲಯಗಳಲ್ಲಿ ಓದುವುದು ಎಮ್ಮಾವು ದಾರಿಯ ಶುಭಸಂದೇಶ. ಜೆರುಸಲೇಮಿನಿಂದ ಸುಮಾರು 11 ಕಿಲೋಮೀಟರ್. ನಮ್ಮ ಹುಡುಗನ ಒಂದು ದಿನದ ನಡಿಗೆಯಷ್ಟೇ. ಮೋರೆ ಬಾಡಿಸಿಕೊಂಡು ನಡೆಯುತ್ತಿದ್ದ ಆ ಇಬ್ಬರಿಗೆ ಪ್ರಭು ತಾನು ಯಾರೆಂದು ಕೂಡಲೇ ಹೇಳಬಹುದಿತ್ತು. ಹೇಳಲಿಲ್ಲ. ದಾರಿಯುದ್ದಕ್ಕೂ ಏನು ಮಾತಾಡಿಕೊಳ್ಳುತ್ತಿದ್ದೀರಿ ಎಂದು ಕೇಳಿದರು. ಅವರ ಚೀಲವನ್ನು ಅವರ ಕೈಯಿಂದಲೇ ಬಿಚ್ಚಿಸಿದರು. ಪಾಪನಿವೇದನೆಗೆ ಬಂದು ನಾವು ಅತ್ತೆಯ ತಪ್ಪು, ನೆರೆಯವನ ತಪ್ಪು ಹೇಳುತ್ತೇವಲ್ಲ, ಅದು ಬೇರೆಯವರ ಚೀಲ. ಅದನ್ನು ಬಿಚ್ಚಿ ನಮ್ಮ ಹೆಗಲು ಹಗುರವಾದೀತೇ?

ಶನಿವಾರ ರಾತ್ರಿ ದೊಡ್ಡ ಮಳೆ. ಮೂರು ಗೋಡೆಗಳ, ಒಂದು ಮಗ್ಗುಲು ಪೂರಾ ತೆರೆದ ಮರದ ತಂಗುದಾಣ ಆಗಲೇ ತುಂಬಿತ್ತು. ವಯಸ್ಸಾದ ಒಬ್ಬರು ಎದ್ದು ತಮ್ಮ ಹಾಸಿಗೆಯನ್ನು ಎರಚಲು ಬೀಳುವ ಅಂಚಿಗೆ ಎಳೆದುಕೊಂಡು ಇವನಿಗೆ ಜಾಗ ಮಾಡಿಕೊಟ್ಟರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಫಾದರ್, ಅಂಗೈಯಗಲ ಜಾಗಕ್ಕೆ ನಾನು ವಕೀಲರನ್ನು ಹಿಡಿದಿದ್ದೇನೆ ಅಂತ ಆ ರಾತ್ರಿ ನಿದ್ದೆಯೇ ಬರಲಿಲ್ಲ" ಎಂದ.

ಭಾನುವಾರ ಯುನಿಕಾಯ್ ಗ್ಯಾಪ್‌ನಲ್ಲಿ ರಸ್ತೆಗೆ ಇಳಿದು, ಹತ್ತಿರದ ಹೆಲೆನ್ ಪಟ್ಟಣ ಸೇರಿ, ಅಣ್ಣನಿಗೆ ಫೋನ್ ಮಾಡಿದ. ಅಲ್ಲಿ ಮಧ್ಯಾಹ್ನ, ಇಲ್ಲಿ ರಾತ್ರಿ. ಫೋನ್ ಎತ್ತಿದ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತೇನೋ?" ಎಂದನಂತೆ.

ಮನೆಯ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಕವರೂ ಎಲ್ಲೋ ಇರಬೇಕು. ಆದರೆ ನಮ್ಮ ದೇವಾಲಯದ ವಾರ್ಷಿಕ ಹಬ್ಬಕ್ಕೆ ಬಂದಾಗ ಅವನು ಹೋಟೆಲಿನಲ್ಲಿ ಇಳಿಯಲಿಲ್ಲ. ಅಣ್ಣನ ಮನೆಯ ಜಗಲಿಯ ಮೇಲೆ ಅವನ ಚೀಲವನ್ನು ನಾನೇ ನೋಡಿದೆ.