ಕೈಮರ ಯಾರಿಗೆ?

ನಮ್ಮೂರಿನ ಬೀದಿಗಳಲ್ಲಿ ಯಾರೂ ಹಲಗೆ ನೆಟ್ಟಿರಲಿಲ್ಲ. ಆದರೂ ಯಾವ ಬಾವಿ ಯಾರದು, ಯಾರ ಮನೆ ಮುಂದೆ ಚಪ್ಪಲಿ ಕೈಗೆ ತಗೋಬೇಕು, ಎಲ್ಲಿಗೆ ಬಂದು ನಿಂತುಬಿಡಬೇಕು ಅನ್ನೋದು ಕೇರಿಯ ಕೂಸಿಗೂ ಗೊತ್ತಿತ್ತು. ಬರೆಯದ ಹಲಗೆಯಷ್ಟು ಗಟ್ಟಿಯಾದ ಹಲಗೆ ಇನ್ನೊಂದಿಲ್ಲ.

ಕಲಾ ಸಂಗ್ರಹಾಲಯದ ಒಳಗೆ ಕಾಲಿಟ್ಟಾಗ ನಮಗೆ ನೆನಪಾಗುವುದು ಇದೇ. ಟಿಕೆಟ್ ಕೊಂಡಿದ್ದೇವೆ. ಯಾರೂ ತಡೆದಿಲ್ಲ. ಆದರೆ ಎಡಕ್ಕೋ, ಬಲಕ್ಕೋ? ಮಹಡಿ ಹತ್ತಬಹುದೋ, ಬಾರದೋ? ದಾರಿ ತೋರುವ ಒಂದು ಕೈಮರವೂ ಇಲ್ಲ. 'ಕೇಳಿದರಾಯ್ತು, ಅದರಲ್ಲೇನು?' ಅನ್ನುವವರು ದಾರಿ ಕೇಳಿ ಬೈಸಿಕೊಂಡವರಲ್ಲ.

ಈ ಅಳುಕು ನಮ್ಮದು ಮಾತ್ರವಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ, ಅಲೇನ್ ದಾರ್ಬೆಲ್ ಜೊತೆ ಸೇರಿ, ಯುರೋಪಿನ ಕಲಾ ಸಂಗ್ರಹಾಲಯಗಳಿಗೆ ಬರುವವರ ಸಮೀಕ್ಷೆ ನಡೆಸಿ 1966ರಲ್ಲಿ 'ಕಲೆಯ ಪ್ರೀತಿ' ಎಂಬ ಪುಸ್ತಕ ಹೊರತಂದರು. ಬಾಣದ ಗುರುತು, ವಿವರದ ಫಲಕ ಬೇಕೆಂದು ಹೆಚ್ಚಾಗಿ ಕೇಳಿದವರು ಕಾರ್ಮಿಕರು. ಓದಿದ ಮೇಲ್ವರ್ಗದವರಿಗೆ ಅದು ಅಷ್ಟಾಗಿ ಬೇಕಿರಲಿಲ್ಲ. ಬೇಕಾಗುವುದಾದರೂ ಯಾಕೆ? ಅಪ್ಪನ ಕೈ ಹಿಡಿದು ಚಿಕ್ಕಂದಿನಲ್ಲೇ ಬಂದವರಿಗೆ ದಾರಿ ಗೊತ್ತು. ಬೋರ್ದ್ಯೂ ಕಂಡ ಸತ್ಯ ಇಷ್ಟು: ಏನೂ ಗೊತ್ತಿಲ್ಲದವನಿಗೂ ಇಲ್ಲಿ ನಿಲ್ಲುವ ಹಕ್ಕಿದೆ ಎಂದು ಆ ಬಾಣದ ಗುರುತು ಸಾರುತ್ತದೆ.

1977ರಲ್ಲಿ ಪ್ಯಾರಿಸ್ಸಿನಲ್ಲಿ ಪಾಂಪಿದು ಕೇಂದ್ರ ತೆರೆದಾಗ, ಜನ ಹತ್ತುವ ಚಲಿಸುವ ಮೆಟ್ಟಿಲನ್ನು ಗೋಡೆಯ ಹೊರಗೇ ಕಟ್ಟಿ ಕೆಂಪು ಬಳಿದಿದ್ದರು. ಒಳಗಿನ ದಾರಿ ಬೀದಿಯಲ್ಲಿ ನಿಂತವನಿಗೂ ಕಂಡಿತು.

ಹಾಗಂತ ನಾವು ಬಾಣಕ್ಕೆ ಕೈಮುಗಿಯಬೇಕಿಲ್ಲ. 'ಹೀಗೆ ಬಾ, ಇದನ್ನೇ ನೋಡು, ಹೀಗೆ ಹೊರಡು' ಎಂದರೆ ಅದೂ ಒಡೆಯನ ಅಪ್ಪಣೆಯೇ. ಕೈಮರ ದಾರಿ ಹೇಳಲಿ. ಏನನ್ನು ಎಷ್ಟು ಹೊತ್ತು ನೋಡಬೇಕೆಂಬುದು ನಮಗಿರಲಿ. ಅದು ತಿರುವಿನಲ್ಲೇ ಇರಲಿ, ದೊಡ್ಡ ಕನ್ನಡ ಅಕ್ಷರದಲ್ಲಿರಲಿ. ಅಕ್ಷರ ಬಾರದ ಅವ್ವನಿಗಾಗಿ ಚಿತ್ರವೂ ಇರಲಿ. ಕುಡಿಯುವ ನೀರು, ಕಕ್ಕಸು, ಕೂರುವ ಬೆಂಚು ಎಲ್ಲಿವೆ ಅಂತ ಮೊದಲು ಹೇಳಲಿ. ದಣಿದ ಕಾಲು, ಒಣಗಿದ ಗಂಟಲು ಯಾವ ಚಿತ್ರವನ್ನೂ ನೋಡಲಾರವು.

ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರೇ, ಬಾಗಿಲಲ್ಲೇ ನಿಂತು ಕೈಮರ ಎಲ್ಲಿ ಅಂತ ಕೇಳಿ. ಗಟ್ಟಿಯಾಗಿ ಕೇಳಿ. ನಿಮ್ಮ ಹಿಂದೆ, ಸಾಲಿನ ಕೊನೆಯಲ್ಲಿ ನಿಂತ ಹುಡುಗಿ ಇನ್ನೂ ಕೇಳಲಾರಳು.