ನವರಾತ್ರಿ ಮತ್ತು ಒಂಬತ್ತರ ಮಗ್ಗಿ

ನವರಾತ್ರಿಯ ಪುಣ್ಯಕಾಲದಲ್ಲಿ ನಾವು ಜಗನ್ಮಾತೆಯನ್ನು ಒಂಬತ್ತು ದಿನ, ಒಂಬತ್ತು ರೂಪಗಳಲ್ಲಿ ಆರಾಧಿಸುತ್ತೇವೆ. ನಮ್ಮ ಪೂರ್ವಿಕರಿಗೆ ಸಂಖ್ಯೆಯೆಂಬುದು ಬರಿಯ ಎಣಿಕೆಯ ಸಾಧನವಾಗಿರಲಿಲ್ಲ. ಗ್ರಹಗಳು ಒಂಬತ್ತು, ರಸಗಳು ಒಂಬತ್ತು, ಭಕ್ತಿಯ ವಿಧಗಳು ಒಂಬತ್ತು. ದೇಹವೆಂಬ ಪುರಕ್ಕೆ ಬಾಗಿಲುಗಳೂ ಒಂಬತ್ತು. ಗಣಿತವನ್ನು ಪದ್ಯದಲ್ಲಿ ರಚಿಸಿದ ಪಂಡಿತರು ಚಂದ್ರನೆಂದರೆ ಒಂದು, ನೇತ್ರವೆಂದರೆ ಎರಡು, ಅಗ್ನಿಯೆಂದರೆ ಮೂರು, ವೇದವೆಂದರೆ ನಾಲ್ಕು, ಆಕಾಶವೆಂದರೆ ಶೂನ್ಯ ಎಂದು ಭೂತಸಂಖ್ಯೆಗಳಿಂದ ಅಂಕಿಗಳನ್ನು ಸೂಚಿಸಿದರು.

ಇಂದು ಸಂಖ್ಯೆಯ ಮಹಿಮೆಯೆಂದರೆ ನಮಗೆ ನೆನಪಾಗುವುದೇನು? ವಾಹನದ ನಂಬರಿನ ಅಂಕಿಗಳನ್ನು ಕೂಡಿದಾಗ ಒಂಬತ್ತು ಬಂದರೆ ಸಂತೋಷ, ಎಂಟು ಬಂದರೆ ಅಳುಕು. ಅದೇ ಮನೆಯ ಮಗು ಲೆಕ್ಕದ ಪುಸ್ತಕ ಕಂಡು ಕಣ್ಣೀರಿಟ್ಟರೆ ಗದರುತ್ತೇವೆ. ಇಲ್ಲವೆ, "ಗಣಿತ ನಮ್ಮ ಮನೆತನಕ್ಕೇ ಒಗ್ಗದು" ಎಂದು ಕೈಚೆಲ್ಲುತ್ತೇವೆ. ಸಂಖ್ಯೆಗೆ ಕೈಮುಗಿದು ಗಣಿತಕ್ಕೆ ಬೆನ್ನು ತೋರುವುದು ಎಂತಹ ಭಕ್ತಿ?

ಒಂಬತ್ತರ ಮಗ್ಗಿಯನ್ನೇ ನೋಡಿರಿ. ಒಂಬತ್ತೇಳ್ಲ ೬೩, ಆರೂ ಮೂರೂ ಕೂಡಿದರೆ ಮತ್ತೆ ಒಂಬತ್ತು. ಇದು ಪವಾಡವೆಂದು ಬೆರಗಾಗಿ ಸುಮ್ಮನಿರಬೇಕಾಗಿಲ್ಲ. ೬೩ರಲ್ಲಿ ಆರು ಹತ್ತುಗಳಿವೆ. ಪ್ರತಿಯೊಂದು ಹತ್ತರಿಂದ ಒಂಬತ್ತನ್ನು ತೆಗೆದರೆ ಒಂದೊಂದು ಉಳಿಯುತ್ತದೆ. ಹಾಗೆ ಉಳಿದ ಆರು, ಬಿಡಿಯ ಮೂರು, ಒಟ್ಟು ಒಂಬತ್ತು. ಕಾರಣ ತಿಳಿದುದರಿಂದ ಬೆರಗು ಕುಗ್ಗಲಿಲ್ಲ, ಹೆಚ್ಚಿತು. ದೇವಿಯನ್ನು ಬುದ್ಧಿರೂಪಿಣಿಯೆಂದು ಸ್ತುತಿಸುವವರಿಗೆ ಕಾರಣವನ್ನು ಅರಸುವುದೂ ಪೂಜೆಯೇ.

ಬ್ಯಾಂಕುಗಳಲ್ಲಿ ಲೆಡ್ಜರುಗಳನ್ನು ಕೈಯಿಂದ ಬರೆಯುತ್ತಿದ್ದ ಕಾಲದ ಗುಮಾಸ್ತರು ಒಂದು ಉಪಾಯವನ್ನು ಬಲ್ಲವರಾಗಿದ್ದರು. ಲೆಕ್ಕ ತಾಳೆಯಾಗದೆ, ವ್ಯತ್ಯಾಸವು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ, ಎಲ್ಲಿಯೋ ಅಂಕಿಗಳು ಅದಲುಬದಲಾಗಿರಬಹುದೆಂದು ಶಂಕಿಸುತ್ತಿದ್ದರು. ೬೩ನ್ನು ೩೬ ಎಂದು ಬರೆದರೆ ವ್ಯತ್ಯಾಸ ೨೭, ಅಂದರೆ ಮೂರು ಒಂಬತ್ತು. ಒಂಬತ್ತು ತಪ್ಪು ಮಾಡಿದವನನ್ನು ನಿಂದಿಸುವುದಿಲ್ಲ. ತಪ್ಪನ್ನು ಎಲ್ಲಿ ಹುಡುಕಬೇಕೆಂಬುದರ ಸುಳಿವು ಕೊಡುತ್ತದೆ. ತಂದೆತಾಯಿಗಳು ಕಲಿಯಬೇಕಾದ ಪಾಠವೂ ಇದೇ. ಮಗುವಿನ ತಪ್ಪು ಉತ್ತರ ಪಾಪವಲ್ಲ. ಅದರ ಮನಸ್ಸು ನಡೆದ ದಾರಿಯ ಹೆಜ್ಜೆಗುರುತು.

ಗಣಿತ ನಮಗೆ ಒಗ್ಗದೆನ್ನಲು ಕನ್ನಡಿಗರಿಗೆ ಅಧಿಕಾರವೂ ಇಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಜೈನ ಪಂಡಿತ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಸಂಗೀತ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು ಇವೆಲ್ಲಕ್ಕೂ ಗಣಿತವೇ ಆಧಾರವೆಂಬುದು ಅವರ ಆದಿಯ ಮಾತು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದನು. ಭಾಸ್ಕರಾಚಾರ್ಯರ ೧೧೫೦ರ 'ಲೀಲಾವತಿ'ಯಲ್ಲಿ ಎಷ್ಟೋ ಲೆಕ್ಕಗಳು ಒಬ್ಬ ಬಾಲೆಯನ್ನೇ ಸಂಬೋಧಿಸುತ್ತವೆ. ಹೆಣ್ಣುಮಕ್ಕಳಿಗೆ ಗಣಿತವೇಕೆ ಎನ್ನುವವರು ಇದನ್ನು ನೆನೆಯಲಿ.

ಸರಸ್ವತೀ ಪೂಜೆಗೆ ಪುಸ್ತಕಗಳನ್ನಿಟ್ಟಾಗ ಓದಿನಿಂದ ಬಿಡುವಾಯಿತೆಂದು ಮಕ್ಕಳು ನಲಿಯುತ್ತಾರೆ, ನಲಿಯಲಿ. ವಿಜಯದಶಮಿಯಂದು ಪೀಠದಿಂದ ಮೊದಲು ಲೆಕ್ಕದ ಪುಸ್ತಕವನ್ನೆತ್ತಿಕೊಳ್ಳೋಣ. ಶಾಲೆಯ ಭಾಷೆ ಮರಾಠಿ, ತಮಿಳು, ಹಿಂದಿ, ಇಂಗ್ಲಿಷ್ ಯಾವುದೇ ಇರಲಿ, ಮನೆಯಲ್ಲಿ "ಒಂಬತ್ತೊಂದ್ಲ ಒಂಬತ್ತು, ಒಂಬತ್ತೆರಡ್ಲ ಹದಿನೆಂಟು" ಎಂಬ ಕನ್ನಡದ ಮಗ್ಗಿ ಕೇಳಿಬರಲಿ. ಮಗುವಿನ ಪಕ್ಕದಲ್ಲಿ ಕುಳಿತು, "ಉತ್ತರವೆಷ್ಟು?" ಎನ್ನುವುದಕ್ಕಿಂತ "ಹೇಗೆ ಬಂತು?" ಎಂದು ಕೇಳೋಣ. ಆ ತಾಳ್ಮೆಯೇ ನಾವು ಅರ್ಪಿಸಬಹುದಾದ ನೈವೇದ್ಯ.

ಶ್ರೀ ಶಾರದಾಂಬೆಯು ನಮ್ಮ ಮಕ್ಕಳ ಮನದಿಂದ ಭಯವನ್ನು ಕಳೆದು, ಅರಿವನ್ನು ಕೂಡಿಸಲಿ.