ಎಂಟೂಕಾಲರ ಬಸ್ಸು

ನಮ್ಮೂರಿಗೆ ಬರುತ್ತಿದ್ದ ಒಂದೇ ಬಸ್ಸಿಗೆ ಮಾಲೀಕರು ಇಟ್ಟ ಹೆಸರೊಂದಿತ್ತು. ಆ ಹೆಸರಿನಿಂದ ಅದನ್ನು ಯಾರೂ ಕರೆಯುತ್ತಿರಲಿಲ್ಲ. ಅದು ಎಂಟೂಕಾಲರ ಬಸ್ಸು, ಅಷ್ಟೇ. ಬರುತ್ತಿದ್ದದ್ದು ಎಂಟೂವರೆಗೋ, ಮುಕ್ಕಾಲಿಗೋ. ಮಲೆನಾಡಿನ ಕಡೆ ಓಡಾಡಿದವರಿಗೆ ಗೊತ್ತಿರುತ್ತೆ, ಅಲ್ಲಿ ಬಸ್ಸು ಬರೀ ಜನರನ್ನು ಹೊರುವುದಿಲ್ಲ. ಪೇಪರ್, ಹಾಲಿನ ಕ್ಯಾನು, ಯಾರದೋ ಮನೆಗೆ ಔಷಧಿ, ಇನ್ಯಾರದೋ ಮನೆಗೆ ಮದುವೆ ಕಾಗದ, ಎಲ್ಲ ಅದರಲ್ಲೇ ಬರಬೇಕು. ತಾಲೂಕಿಗೆ 22 ಕಿಲೋಮೀಟರ್. ಬೆಳಿಗ್ಗೆ ಹೋಗಿ ಸಂಜೆ ವಾಪಸ್. ಬಸ್ಸು ತಪ್ಪಿದರೆ ಆ ದಿನ ಮುಗಿಯಿತು.

ಅದರ ಬ್ರೇಕ್ ಸರಿಯಿಲ್ಲ ಅನ್ನೋದು ಊರಿಗೆಲ್ಲ ಗೊತ್ತಿತ್ತು. ಇಳಿಜಾರಿನ ಸ್ಟಾಪುಗಳಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕ್ಲೀನರ್ ಹಾರಿ ಇಳಿದು, ಚಕ್ರದ ಮುಂದೆ ಮರದ ತುಂಡು ಇಡುತ್ತಿದ್ದ. ಹುಡುಗರಾದ ನಮಗೆ ಅದೊಂದು ಆಟ. ತುಂಡು ಸರಿಯಾದ ಹೊತ್ತಿಗೆ ಬೀಳುತ್ತಾ ಇಲ್ವಾ ಅಂತ ಬೆಟ್ ಕಟ್ಟುತ್ತಿದ್ದೆವು.

2002ರ ಮಳೆಗಾಲದಲ್ಲಿ ಒಂದು ದಿನ ಬ್ರೇಕ್ ಇನ್ಸ್‌ಪೆಕ್ಟರು ಅದನ್ನು ದಾರಿಯಲ್ಲಿ ನಿಲ್ಲಿಸಿದರು. ಮೋಟಾರು ವಾಹನ ನಿರೀಕ್ಷಕರನ್ನು ನಮ್ಮ ಕಡೆ ಹಾಗೇ ಕರೆಯೋದು. ಎಫ್‌ಸಿ ಮುಗಿದಿತ್ತು, ಟಯರು ನುಣುಪಾಗಿತ್ತು, ಒಳಗೆ ಲೆಕ್ಕಕ್ಕಿಂತ ದುಪ್ಪಟ್ಟು ಜನ ಇದ್ದರು. ಎಲ್ಲರನ್ನೂ ಮಳೆಯಲ್ಲೇ ಇಳಿಸಿ, ಬಸ್ಸನ್ನು ಪೊಲೀಸ್ ಸ್ಟೇಷನ್ನಿನ ಅಂಗಳಕ್ಕೆ ಒಯ್ದರು. ಮಾಲೀಕರು ಮಾಮೂಲಿ ಕೊಟ್ಟು ಬಿಡಿಸಿಕೊಳ್ಳಲು ನೋಡಿದರಂತೆ, ಆ ಮನುಷ್ಯ ಬಗ್ಗಲಿಲ್ಲವಂತೆ. ಊರಿನ ಜನ ಇದನ್ನೂ ಆತನ ತಪ್ಪುಗಳ ಪಟ್ಟಿಗೇ ಸೇರಿಸಿ ಹೇಳುತ್ತಿದ್ದರು.

ರಿಪೇರಿ ಖರ್ಚು ಆ ರೂಟಿನಲ್ಲಿ ಹುಟ್ಟುವುದಿಲ್ಲ ಅಂತ ಮಾಲೀಕರು ಕೈಬಿಟ್ಟರು. ಮುಂದಿನ ಒಂದೂವರೆ ವರ್ಷ ನಮ್ಮೂರಿಗೆ ಬಸ್ಸು ಬರಲಿಲ್ಲ.

ಆಗ ಅಕ್ಕ ಫಸ್ಟ್ ಪಿಯುಸಿ, ತಾಲೂಕಿನ ಕಾಲೇಜಿನಲ್ಲಿ. ನಾನು ಎಂಟನೇ ಕ್ಲಾಸು. ಟಾರು ರೋಡಿಗೆ ಹೋಗಲು ಏಳು ಕಿಲೋಮೀಟರ್ ಕಾಡುದಾರಿ. ಎರಡು ತಿಂಗಳು ಅಕ್ಕ ನಡೆದಳು. ಬೆಳಿಗ್ಗೆ ಕತ್ತಲಿರುವಾಗಲೇ ಹೊರಟು, ಸಂಜೆ ಕತ್ತಲಾದ ಮೇಲೆ ಬರುತ್ತಿದ್ದಳು. ಅಪ್ಪ ಟಾರ್ಚ್ ಹಿಡಿದು ಅರ್ಧ ದಾರಿಗೆ ಹೋಗಿ ಕಾಯುತ್ತಿದ್ದರು. ದಸರಾ ರಜೆ ಕಳೆದ ಮೇಲೆ ಅವಳು ಮತ್ತೆ ಕಾಲೇಜಿಗೆ ಹೋಗಲಿಲ್ಲ. ಮುಂದಿನ ವರ್ಷ ನನ್ನನ್ನು ತಾಲೂಕಿನ ಹಾಸ್ಟೆಲಿಗೆ ಸೇರಿಸಿದರು. ಅವಳನ್ನು ಸೇರಿಸಲಿಲ್ಲ. ಹಾಗಾಗಿ ಅವಳ ಓದು ನಿಂತದ್ದಕ್ಕೆ ಬಸ್ಸೊಂದೇ ಕಾರಣ ಅಂದರೆ ಸುಳ್ಳಾಗುತ್ತೆ. ಆದರೆ ಬಸ್ಸಿದ್ದಿದ್ದರೆ ಅಪ್ಪನಿಗೆ ಆ ಆಯ್ಕೆ ಮಾಡುವ ಪ್ರಸಂಗವೇ ಬರುತ್ತಿರಲಿಲ್ಲ.

ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷದವರೆಗೂ ನನ್ನ ಮಟ್ಟಿಗೆ ಈ ಕಥೆಯ ವಿಲನ್ ಆ ಇನ್ಸ್‌ಪೆಕ್ಟರೇ.

2018ರ ನವೆಂಬರ್ 24, ಶನಿವಾರ. ಪಾಂಡವಪುರದ ಹತ್ತಿರ ಕನಗನಮರಡಿಯಲ್ಲಿ ಒಂದು ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿತ್ತು. ಮೂವತ್ತು ಜನ ಸತ್ತರು. ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ನಾಲೆಯ ಪಕ್ಕ ತಡೆಗೋಡೆ ಇರಲಿಲ್ಲ. ಅದೇ ರಾತ್ರಿ ಅಂಬರೀಶ್ ತೀರಿಕೊಂಡ ಸುದ್ದಿ ಬಂದು ಟಿವಿ ಕ್ಯಾಮೆರಾಗಳೆಲ್ಲ ಬೆಂಗಳೂರಿನತ್ತ ತಿರುಗಿದವು. ನನ್ನ ತಲೆ ಮಾತ್ರ ಆ ನಾಲೆಯ ಹತ್ತಿರವೇ ಉಳಿಯಿತು. ದಡದಲ್ಲಿ ಸಾಲಾಗಿ ಇಟ್ಟಿದ್ದ ಸ್ಕೂಲ್ ಬ್ಯಾಗುಗಳನ್ನು ನೋಡುವಾಗ ನನಗೆ ಕಂಡದ್ದು ನಮ್ಮ ಕ್ಲೀನರ್ ಕೈಯ ಮರದ ತುಂಡು. ಒಂದು ದಿನ ಅದು ಒಂದು ಸೆಕೆಂಡ್ ತಡವಾಗಿ ಬಿದ್ದಿದ್ದರೆ?

ಹಾಗಾದರೆ ಆ ಇನ್ಸ್‌ಪೆಕ್ಟರು ನಮ್ಮನ್ನೆಲ್ಲ ಉಳಿಸಿದರಾ? ಇರಬಹುದು. ತಮಾಷೆ ನೋಡಿ, ಉಳಿಸಿದ್ದಕ್ಕೆ ಸಾಕ್ಷಿ ಇರೋದಿಲ್ಲ. ಆಗದೇ ಹೋದ ಅಪಘಾತಕ್ಕೆ ಎಫ್‌ಐಆರ್ ಇಲ್ಲ, ಫೋಟೋ ಇಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತೆ. ದಿನಕ್ಕೆ ಸುಮಾರು 460. ಯಾರದೋ ಕಟ್ಟುನಿಟ್ಟಿನಿಂದ ಸಾಯದೇ ಮನೆ ಸೇರಿದವರ ಸಂಖ್ಯೆ ಯಾವ ವರದಿಯಲ್ಲೂ ಇಲ್ಲ. ಅವರಿಗೇ ಅದು ಗೊತ್ತಿರುವುದಿಲ್ಲ. ಗೊತ್ತಿರುವುದು ಮಳೆಯಲ್ಲಿ ನಡೆದದ್ದು ಮಾತ್ರ.

ಇಷ್ಟಕ್ಕೇ ಮುಗಿದಿದ್ದರೆ, ಮೊದಲು ಬೈದೆ, ಆಮೇಲೆ ಬುದ್ಧಿ ಬಂತು ಅಂತ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಲೆಕ್ಕ ಅಷ್ಟು ಸುಲಭಕ್ಕೆ ಕೂಡುವುದಿಲ್ಲ.

ಬಸ್ಸು ನಿಂತ ಮೇಲೆ ಜನ ಮನೆಯಲ್ಲಿ ಕೂರಲಿಲ್ಲ. ಆಸ್ಪತ್ರೆಗೆ, ಸಂತೆಗೆ, ಕೂಲಿಗೆ ಹೋಗಲೇಬೇಕಿತ್ತು. ಅಡಿಕೆ ಮೂಟೆ ಹೊರುವ ಪಿಕಪ್ಪಿನ ಹಿಂದೆ ನಿಂತು ಹೋದರು. ಜೀಪಿನ ಬಾನೆಟ್ಟಿನ ಮೇಲೆ ಕೂತು ಹೋದರು. ಇನ್ಸ್‌ಪೆಕ್ಟರ ಪುಸ್ತಕದಲ್ಲಿ ಒಂದು ಅಪಾಯಕಾರಿ ವಾಹನ ಕಡಿಮೆಯಾಯಿತು. ನಮ್ಮ ರಸ್ತೆಯಲ್ಲಿ ಅಪಾಯ ಕಡಿಮೆಯಾಗಲಿಲ್ಲ, ಒಂದು ಗಾಡಿಯಿಂದ ಇಳಿದು ಇನ್ನೊಂದು ಗಾಡಿ ಹತ್ತಿತು.

ಕಳೆದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಹತ್ತಿರ ಇದನ್ನೆಲ್ಲ ಮಾತಾಡಿದೆ. ಅಡಿಕೆ ಸುಲಿಯುತ್ತಾ ಕೇಳಿಸಿಕೊಂಡವಳು ತಲೆ ಎತ್ತದೇ ಹೇಳಿದಳು:

"ಆ ಬ್ರೇಕಿನ ಕಥೆ ನಂಗೆ ನಿಂಗಿಂತ ಚೆನ್ನಾಗಿ ಗೊತ್ತು ಮಾರಾಯ. ಒಂದ್ಸಲ ಹಳ್ಳದ ತಿರುವಿನಲ್ಲಿ ಬ್ರೇಕೇ ಹಿಡೀಲಿಲ್ಲ. ಡ್ರೈವರ್ ಧರೆಗೆ ಉಜ್ಜಿ ನಿಲ್ಸಿದ್ರು. ನಾನು ಕಿಟಕಿ ಪಕ್ಕ ಕೂತಿದ್ದೆ."

"ಮನೇಲಿ ಹೇಳ್ಲೇ ಇಲ್ವಲ್ಲ?"

"ಹೇಳಿದ್ರೆ ಕಾಲೇಜು ಬಿಡಿಸ್ತಿದ್ರು."

ಈ ಒಂದು ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹದಿನಾರು ವರ್ಷದ ಹುಡುಗಿಯೊಬ್ಬಳು ದಿನಾ ಬೆಳಿಗ್ಗೆ ತನ್ನ ಜೀವವನ್ನೂ ಓದನ್ನೂ ತಕ್ಕಡಿಯಲ್ಲಿಟ್ಟು ತೂಗಿ, ಯಾರಿಗೂ ಹೇಳದೆ ಬಸ್ಸು ಹತ್ತುತ್ತಿದ್ದಳು.

ಇಂಥ ಕಡೆ ಸರ್ಕಾರ ಏನು ಮಾಡಬೇಕು? ಆಫೀಸಿನ ಗೆಳೆಯರ ಹತ್ತಿರ ಈ ಕಥೆ ಹೇಳಿದಾಗ ಎರಡು ಉತ್ತರ ಬಂದವು. ಒಬ್ಬ ಹೇಳಿದ, "ಗೊತ್ತಿದ್ದೇ ಹತ್ತುತ್ತಿದ್ದರು ಅಂದಮೇಲೆ ಅದು ಅವರ ಆಯ್ಕೆ. ಬೇರೆಯವರು ಯಾಕೆ ತಡೀಬೇಕು?" ಇನ್ನೊಬ್ಬಳು, "ಜೀವಕ್ಕಿಂತ ದೊಡ್ಡದು ಯಾವುದಿದೆ? ತಡೆದದ್ದೇ ಸರಿ" ಅಂದಳು. ಎರಡನ್ನೂ ಒಪ್ಪಲು ನನಗೆ ಆಗಲಿಲ್ಲ.

ಮೊದಲನೆಯದರಲ್ಲಿ ಆಯ್ಕೆ ಅನ್ನೋ ಮಾತೇ ಹುಳುಕು. ಎರಡು ಬಸ್ಸಿದ್ದು, ಹಾಳಾದದ್ದನ್ನೇ ಹತ್ತಿದರೆ ಅದು ಆಯ್ಕೆ. ಒಂದೇ ಬಸ್ಸಿದ್ದಾಗ ಹತ್ತೋದು ಆಯ್ಕೆಯಾಗಲ್ಲ. ಅಕ್ಕನ ಆ ಮೌನವನ್ನು ಒಪ್ಪಿಗೆ ಅಂತ ಬರೆದುಕೊಂಡರೆ ಅದರಷ್ಟು ಅನ್ಯಾಯ ಬೇರೆ ಇಲ್ಲ. ಮೇಲಾಗಿ ಆ ಬಸ್ಸಿನಲ್ಲಿ ಬೆಟ್ ಕಟ್ಟುತ್ತಿದ್ದ ನಮ್ಮಂಥ ಹುಡುಗರೂ ಇದ್ದರು. ನಮ್ಮ ಪರವಾಗಿ ಒಪ್ಪಿಗೆ ಕೊಟ್ಟವರು ಯಾರು?

ಎರಡನೆಯದರ ತೊಂದರೆ ಬೇರೆ. ತಡೆದ ಕೂಡಲೇ ಕರ್ತವ್ಯ ಮುಗಿಯಿತು ಅಂತ ಅದು ನಂಬುತ್ತೆ. ಕುತೂಹಲಕ್ಕೆ 1988ರ ಮೋಟಾರು ವಾಹನ ಕಾಯ್ದೆಯನ್ನು ತೆಗೆದು, ಕ್ಲೈಂಟ್ ಕಳಿಸಿದ ಸ್ಪೆಕ್ ಓದುವ ಹಾಗೆ ಓದಿದೆ. ಗಾಡಿ ವಶಪಡಿಸಿಕೊಳ್ಳುವ ಅಧಿಕಾರ ಇರುವುದು 207ನೇ ಕಲಮಿನಲ್ಲಿ. ವಶಪಡಿಸಿಕೊಂಡ ವಾಹನವನ್ನು ತಾತ್ಕಾಲಿಕವಾಗಿ ಸುರಕ್ಷಿತವಾಗಿ ಇಡಲು ಅಧಿಕಾರಿ ಸೂಕ್ತ ಕ್ರಮ ತೆಗೆದುಕೊಳ್ಳಬಹುದು ಅಂತ ಅಲ್ಲಿದೆ. ವಾಹನದ ಸುರಕ್ಷತೆ! ಅದರಿಂದ ಇಳಿದವರ ಬಗ್ಗೆ ಆ ಕಲಮಿನಲ್ಲಿ ಒಂದು ಪದವೂ ಇಲ್ಲ. ಎಂಟೂಕಾಲರ ಬಸ್ಸು ಸ್ಟೇಷನ್ ಅಂಗಳದಲ್ಲಿ ಸುರಕ್ಷಿತವಾಗಿತ್ತು. ಅಕ್ಕ ಕಾಡುದಾರಿಯಲ್ಲಿದ್ದಳು.

ನಮ್ಮ ಕೆಲಸದಲ್ಲೂ ತಡೆಯುವವರಿದ್ದಾರೆ. ಟೆಸ್ಟಿಂಗ್‌ನಲ್ಲಿ ಫೇಲ್ ಆದರೆ ರಿಲೀಸ್ ನಿಲ್ಲುತ್ತೆ, ಮ್ಯಾನೇಜರ್ ಎಷ್ಟೇ ಕೂಗಾಡಲಿ. ಆದರೆ ಒಂದು ವ್ಯತ್ಯಾಸ. ನಾವು ಹೊಸದನ್ನು ತಡೆದಾಗ ಹಳೇ ವರ್ಷನ್ ಓಡುತ್ತಲೇ ಇರುತ್ತೆ. ಗ್ರಾಹಕನಿಗೆ ಏನೂ ತಪ್ಪಲ್ಲ. ಅದಕ್ಕೇ ನಾವು ಧೈರ್ಯವಾಗಿ ಇಲ್ಲ ಅಂತ ಹೇಳಬಲ್ಲೆವು. ನಮ್ಮೂರಲ್ಲಿ ಹಳೇ ವರ್ಷನ್ ಅಂದರೆ ಕಾಲ್ನಡಿಗೆ.

ಬೆಂಗಳೂರಿನಲ್ಲಿರುವ ನಮಗೂ ಇದೇ ನಿಯಮ ಅನ್ವಯಿಸುತ್ತೆ, ಆದರೆ ಅದರ ಭಾರ ಬೇರೆ. 2013ರ ಅಕ್ಟೋಬರ್ 30ರ ಬೆಳಗಿನ ಜಾವ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಹತ್ತಿರ ಹೊತ್ತಿಕೊಂಡು 45 ಜನ ಸುಟ್ಟುಹೋದರು. ಅದು ನಮ್ಮಂಥವರು ತುಂಬಿರುವ ಬಸ್ಸು. ಶುಕ್ರವಾರ ರಾತ್ರಿ ನನ್ನ ಸ್ಲೀಪರ್ ಕೋಚನ್ನು ನೆಲಮಂಗಲದಲ್ಲಿ ತಡೆದು, ತುರ್ತು ಬಾಗಿಲಿಗೆ ಅಡ್ಡ ಲಗೇಜ್ ಇದೆ, ಮುಂದೆ ಹೋಗುವ ಹಾಗಿಲ್ಲ ಅಂದರೆ ನಾನು ಗೊಣಗುತ್ತೇನೆ, ಫೋನ್ ತೆಗೆಯುತ್ತೇನೆ, ಇನ್ನೊಂದು ಬಸ್ಸಿನ ಸೀಟು ಬುಕ್ ಮಾಡುತ್ತೇನೆ. ನನ್ನ ನಷ್ಟ ಎರಡು ಗಂಟೆ, ಒಂದು ಟಿಕೆಟ್. ಅಂಥ ಬಸ್ಸನ್ನು ಎಷ್ಟು ಬೇಕಾದರೂ ಕಟ್ಟುನಿಟ್ಟಾಗಿ ತಡೆಯಲಿ. ಅದೇ ನಿಯಮ ಅಕ್ಕನಿಂದ ಕಿತ್ತುಕೊಂಡದ್ದು ಎರಡು ಗಂಟೆಯಲ್ಲ. ಎಲ್ಲರ ಸುರಕ್ಷತೆಗೆ ಅಂತ ಒಂದು ನಿಯಮ ಮಾಡಿ, ಅದರ ಬೆಲೆಯನ್ನು ಬಸ್ಸಿಲ್ಲದ ಊರಿನ ಹೆಣ್ಣುಮಕ್ಕಳ ಹತ್ತಿರ ವಸೂಲಿ ಮಾಡಿದರೆ, ನಿಯಮ ಸರಿಯಿದ್ದರೂ ನಾವು ಮಾಡಿದ್ದು ಸರಿಯಾಗಲ್ಲ.

ನನಗೀಗ ಅನ್ನಿಸುವುದು ಇಷ್ಟು. ಆ ಇನ್ಸ್‌ಪೆಕ್ಟರು ತಪ್ಪು ಮಾಡಲಿಲ್ಲ. ಆದರೆ ಸರ್ಕಾರ ಅರ್ಧ ಕೆಲಸ ಮಾಡಿತು. ಆತನ ಕೈಯಲ್ಲಿ ತಡೆಯುವ ಅಧಿಕಾರ ಇತ್ತು, ಬದಲಿ ಬಸ್ಸು ಕೊಡುವ ಅಧಿಕಾರ ಇರಲಿಲ್ಲ. ತಡೆಯೋದು ಸಾರಿಗೆ ಇಲಾಖೆ, ಓಡಿಸೋದು ಸಾರಿಗೆ ನಿಗಮ. ಇಲಾಖೆಗೆ ನಿಯಮದ ಚಿಂತೆ, ನಿಗಮಕ್ಕೆ ಆದಾಯದ ಚಿಂತೆ. ನಡುವೆ ಏಳು ಕಿಲೋಮೀಟರ್ ಕಾಡು. ಒಬ್ಬರಿಗೆ ಇರುವ ಒಂದೇ ದಾರಿಯನ್ನು ಅವರ ಒಳ್ಳೆಯದಕ್ಕೇ ಮುಚ್ಚುವವನು, ಇನ್ನೊಂದು ದಾರಿ ತೆರೆಯುವ ಸಾಲವನ್ನೂ ತಲೆ ಮೇಲೆ ಹೊತ್ತುಕೊಳ್ಳುತ್ತಾನೆ. ಆ ಸಾಲ ತೀರಿಸದಿದ್ದರೆ ಅದಕ್ಕೆ ಕಾಳಜಿ ಅಂತ ಹೆಸರಿಡಬಾರದು.

ಇದೇನು ಆಗದ ಮಾತಲ್ಲ. ಜಿಲ್ಲೆಯಲ್ಲಿ ಬಸ್ಸುಗಳಿಗೆ ಪರ್ಮಿಟ್ ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಒಂದು ಊರಿನ ಒಂದೇ ಬಸ್ಸು ನಿಂತ ದಿನ, ನಾಳೆ ಬೆಳಿಗ್ಗೆ ಅಲ್ಲಿಗೆ ಯಾವ ಬಸ್ಸು ಹೋಗುತ್ತೆ ಅಂತ ಅದೇ ಫೈಲಿನಲ್ಲಿ ಬರೆಯಬೇಕು ಅಂತ ಒಂದು ಸಾಲು ಸೇರಿಸಿದರೆ ಸಾಕು. ಆ ಸಾಲು ಖಾಲಿ ಬಿದ್ದರೆ, ಖಾಲಿ ಇದೆ ಅನ್ನೋದಾದರೂ ಎಲ್ಲರಿಗೂ ಕಾಣುತ್ತೆ. ಈಗ ಅದೂ ಇಲ್ಲ. ಬಸ್ಸು ಬಿದ್ದರೆ ತನಿಖೆ, ಪರಿಹಾರ, ಮಂತ್ರಿಗಳ ಭೇಟಿ. ಬಸ್ಸು ನಿಂತರೆ ಏನೂ ಇಲ್ಲ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತಾಗ ಅದೆಷ್ಟು ಹಳ್ಳಿಗಳ ಎಂಟೂಕಾಲರ ಬಸ್ಸು ನಿಂತಿತೋ! 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ, ಒಳ್ಳೆಯದೇ. ಆದರೆ ಟಿಕೆಟ್ಟು ಉಚಿತ ಆಗಬೇಕಾದರೂ ಮೊದಲು ಬಸ್ಸು ಬರಬೇಕಲ್ಲ.

ನಮ್ಮೂರಿಗೆ ಈಗ ಸರ್ಕಾರಿ ಬಸ್ಸು ಬರುತ್ತೆ, ದಿನಕ್ಕೊಂದು. ಅಕ್ಕನ ಮಗಳು ಅದರಲ್ಲೇ ಪಿಯುಸಿಗೆ ಹೋಗುತ್ತಾಳೆ. ಸೀಟು ಸಿಗುವುದು ಅಪರೂಪ, ಬಾಗಿಲ ಹತ್ತಿರ ನಿಂತೇ ಪ್ರಯಾಣ. ಆ ದೀಪಾವಳಿಯ ಮಾತು ಮುಗಿಯುವ ಹೊತ್ತಿಗೆ ಅಕ್ಕನನ್ನು ಕೇಳಿದೆ, "ಬಸ್ಸು ಹೇಗಿದೆ, ಬ್ರೇಕ್ ಗೀಕ್ ಸರಿ ಇದ್ಯಾ ಅಂತ ಅವಳನ್ನ ಕೇಳ್ತೀಯಾ?"

"ಕೇಳ್ತಾ ಇರ್ತೀನಿ. ಎಲ್ಲ ಚೆನ್ನಾಗಿದೆ ಅಮ್ಮ ಅಂತಾಳೆ." ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕಿ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಾನೂ ಹಾಗೇ ಹೇಳ್ತಿದ್ದೆ."